ಪಾಜಕದ ಮಧ್ಯಗೇಹ

ಆಶ್ವಯುಜ ಶುದ್ಧ ದಶಮಿಯು ಸಮೀಪಿಸುತ್ತಿದೆ. ಅಂದು ಶ್ರೀಮದಾಚಾರ್ಯರ ಜಯಂತಿ. ಮಾಧ್ವ ಬಂಧುಗಳ ಮನೆಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಸುಮಧ್ವವಿಜಯದ ಪಾರಾಯಣ, ಪ್ರವಚನಗಳು ನಡೆಯುವ ಕಾಲ. ಆಚಾರ್ಯರ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಉಡುಪಿಯಲ್ಲಿ ನಿಂತು ನೋಡುತ್ತೇವೆ. ಇಲ್ಲವೇ ಬದರಿಯಲ್ಲಿ ನಿಂತು ನೋಡುತ್ತೇವೆ. ಶ್ರೀಕೃಷ್ಣ ಪ್ರತಿಷ್ಠೆ, ವಾದಿವಿಜಯ, ಗ್ರಂಥರಚನೆ ಇವು ನಮ್ಮ ಪ್ರವಚನಗಳ ಮುಖ್ಯ ವಿಷಯಗಳು. ಅದು ಯುಕ್ತವೇ ಸರಿ. ಆದರೆ ಆ ಮಹಾಪುರುಷರು ಹುಟ್ಟಿ ಬೆಳೆದ ಮನೆ ಒಂದಿತ್ತು. ಆ ಮನೆಗೆ ಒಬ್ಬ ಯಜಮಾನರಿದ್ದರು, ಒಬ್ಬ ಗೃಹಿಣಿಯಿದ್ದರು, ಕೊಟ್ಟಿಗೆಯಲ್ಲಿ ದನಗಳಿದ್ದವು, ಬಾಗಿಲಿಗೆ ಬಂದು ಕೂರುವ ಸಾಲವೂ ಇತ್ತು. ಈ ವರ್ಷ ಆ ಮನೆಯ ಹೊಸ್ತಿಲಿನಲ್ಲಿ ನಿಂತು ಆಚಾರ್ಯರ ಚರಿತ್ರೆಯನ್ನು ಒಮ್ಮೆ ಸ್ಮರಿಸೋಣವೆಂದು ನಾವು ಈ ಬರಹಕ್ಕೆ ತೊಡಗಿದ್ದೇವೆ.

ಕ್ಷೇತ್ರ

ಉಡುಪಿಯಿಂದ ಆಗ್ನೇಯ ದಿಕ್ಕಿಗೆ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಬೆಳ್ಳೆ ಗ್ರಾಮದ ಎಲ್ಲೆಯೊಳಗೆ ಪಾಜಕ ಕ್ಷೇತ್ರವಿದೆ. ಸಮೀಪದಲ್ಲಿಯೇ ಕುಂಜಾರುಗಿರಿ. ಸಂಸ್ಕೃತ ಗ್ರಂಥಗಳಲ್ಲಿ ಇದಕ್ಕೆ ವಿಮಾನಗಿರಿಯೆಂದು ಹೆಸರು. ಜನರ ಬಾಯಲ್ಲಿ ಇದು ದುರ್ಗಾಬೆಟ್ಟ. ಬೆಟ್ಟದ ಮೇಲೆ ದುರ್ಗಾದೇವಿಯ ಸನ್ನಿಧಾನವಿದೆ. ಅದರ ಹತ್ತಿರದಲ್ಲಿಯೇ ಪರಶುರಾಮ ದೇವರ ಗುಡಿ. ಪರಶುತೀರ್ಥ, ಧನುಸ್ತೀರ್ಥ, ಬಾಣತೀರ್ಥ, ಗದಾತೀರ್ಥ ಎಂಬ ನಾಲ್ಕು ತೀರ್ಥಗಳು ಈ ಪರಿಸರದಲ್ಲಿವೆ. ಪರಶುರಾಮನು ಕಡಲನ್ನು ಹಿಂದೆ ಸರಿಸಿ ಪಡೆದ ನೆಲವಿದು ಎಂಬ ನಂಬಿಕೆಯು ತುಳುನಾಡಿನಲ್ಲಿ ಎಲ್ಲ ಕಡೆಯೂ ಇದೆ. ಪಾಜಕದಲ್ಲಿ ಆ ನಂಬಿಕೆಗೆ ಒಂದೊಂದು ಕೊಳವೂ ಸಾಕ್ಷಿಯಾಗಿ ನಿಂತಿದೆ.

ಬೆಟ್ಟದ ಬುಡದಲ್ಲಿ, ತೆಂಗು ಕಂಗುಗಳ ನೆರಳಿನಲ್ಲಿ ಆ ಮನೆಯ ನೆಲೆ ಇದೆ. ಈಗ ಅಲ್ಲಿರುವ ಕಟ್ಟಡವು ಹದಿಮೂರನೆಯ ಶತಮಾನದ್ದಲ್ಲ. ಈ ಕಡೆ ವರ್ಷಕ್ಕೆ ನಾಲ್ಕು ತಿಂಗಳು ಸುರಿಯುವ ಮಳೆಗೆ ಮಣ್ಣಿನ ಗೋಡೆಯೂ ಹುಲ್ಲಿನ ಮಾಡೂ ಏಳುನೂರು ವರ್ಷ ನಿಲ್ಲುವಂಥವಲ್ಲ. ಆದರೆ ನೆಲವು ಅದೇ. ಆ ನೆಲದಲ್ಲಿ ಉಳಿದಿರುವ ಕಲ್ಲುಗಳನ್ನೂ ಕೊಳವನ್ನೂ ನೋಡುತ್ತ ಹೋದರೆ ಒಂದು ಸಂಸಾರದ ದಿನಚರಿಯೇ ಕಣ್ಣಮುಂದೆ ಬರುತ್ತದೆ.

ಮನೆಯ ಹೆಸರು

ತುಳುನಾಡಿನ ಬ್ರಾಹ್ಮಣರಲ್ಲಿ ಮನೆಯ ಹೆಸರೇ ಮನೆತನದ ಹೆಸರು. ತುಳುವಿನಲ್ಲಿ ಇಲ್ಲ್ ಎಂದರೆ ಮನೆ. ಮೂಡಣ ಮನೆಯವರು ಮೂಡಿಲ್ಲಾಯರು. ತೋಟದ ಮನೆಯವರು ತೋಟಂತಿಲ್ಲಾಯರು. ನಡುವಣ ಮನೆಯವರು ನಡಿಲ್ಲಾಯರು. ಸುಮಧ್ವವಿಜಯವನ್ನು ರಚಿಸಿದ ಶ್ರೀನಾರಾಯಣ ಪಂಡಿತಾಚಾರ್ಯರು ಈ ತುಳು ಹೆಸರುಗಳನ್ನು ಬಿಡದೆ ಸಂಸ್ಕೃತಕ್ಕೆ ತಿರುಗಿಸಿಕೊಂಡರು. ಮೂಡಿಲ್ಲಾಯರು ಅವರ ಕಾವ್ಯದಲ್ಲಿ ಪೂರ್ವಾಲಯರಾದರು, ತೋಟಂತಿಲ್ಲಾಯರು ಪೂಗವನರಾದರು, ನಡಿಲ್ಲಾಯರು ಮಧ್ಯಗೇಹರಾದರು. ಆಚಾರ್ಯರ ತಂದೆಯನ್ನು ನಾವು ಮಧ್ಯಗೇಹ ಭಟ್ಟರೆಂದು ಸ್ಮರಿಸುವಾಗ, ಕಾವ್ಯದ ಒಂದು ಬಿರುದನ್ನು ಹೇಳುತ್ತಿದ್ದೇವೆಂದು ಅನೇಕರು ತಿಳಿದಿದ್ದಾರೆ. ಅದು ಬಿರುದಲ್ಲ, ನಡುವಣ ಮನೆಯ ಭಟ್ಟರು ಎಂಬಷ್ಟೇ ಅದರ ಅರ್ಥ. ಏಳುನೂರು ವರ್ಷಗಳಿಂದ ಆ ಮನೆಯ ವಿಳಾಸವನ್ನೇ ನಾವು ಭಕ್ತಿಯಿಂದ ಉಚ್ಚರಿಸುತ್ತ ಬಂದಿದ್ದೇವೆ.

ನಾರಾಯಣ ಪಂಡಿತಾಚಾರ್ಯರ ತಂದೆ ತ್ರಿವಿಕ್ರಮ ಪಂಡಿತಾಚಾರ್ಯರು ಆಚಾರ್ಯರ ಸಾಕ್ಷಾತ್ ಶಿಷ್ಯರು. ಆದುದರಿಂದ ಹದಿನಾರು ಸರ್ಗಗಳ ಆ ಕಾವ್ಯವು ಆಚಾರ್ಯರನ್ನು ಹತ್ತಿರದಿಂದ ಕಂಡವರ ನೆನಪನ್ನು ಹೊತ್ತು ಬಂದಿದೆ. ಮುಂದೆ ನಾವು ಹೇಳುವ ಸಂಗತಿಗಳಲ್ಲಿ ಬಹುಭಾಗ ಅದರಿಂದಲೇ ಬಂದುದು. ಪಾಜಕದ ಸ್ಥಳಪರಂಪರೆಯಿಂದ ಬಂದುದನ್ನು ಹಾಗೆಂದೇ ಹೇಳುತ್ತೇವೆ.

ಯಜಮಾನರು ಮತ್ತು ಗೃಹಿಣಿ

ಮಧ್ಯಗೇಹ ಭಟ್ಟರು ಇತಿಹಾಸ ಪುರಾಣಗಳಲ್ಲಿ ಪಾರಂಗತರು. ಭಾರತ ಭಾಗವತಾದಿಗಳನ್ನು ಜನರಿಗೆ ತಿಳಿಯುವಂತೆ ಹೇಳುವ ಶಕ್ತಿ ಅವರಿಗಿತ್ತು. ಭಟ್ಟರೆಂಬ ಹೆಸರು ಅವರಿಗೆ ಬಂದುದು ಈ ವಿದ್ವತ್ತಿನಿಂದಲೇ. ಅವರ ಧರ್ಮಪತ್ನಿಯನ್ನು ಸಂಪ್ರದಾಯವು ವೇದವತಿಯೆಂದು ಕರೆಯುತ್ತದೆ. ದಂಪತಿಗಳಿಗೆ ಒಬ್ಬಳು ಮಗಳಿದ್ದಳು. ಹುಟ್ಟಿದ ಗಂಡುಮಕ್ಕಳು ಉಳಿದಿರಲಿಲ್ಲ. ಮಗುವನ್ನು ಎತ್ತಿ ಆಡಿಸಿ ಕಳೆದುಕೊಂಡ ಮನೆಯ ದುಃಖವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಅವರು ಉಡುಪಿಯ ಅನಂತೇಶ್ವರನನ್ನು ಮೊರೆಹೊಕ್ಕರು. ಪಯೋವ್ರತಾದಿ ನಿಯಮಗಳನ್ನು ಹಿಡಿದು 12 ವರ್ಷಗಳ ಕಾಲ ಆ ಸ್ವಾಮಿಯನ್ನು ಸೇವಿಸಿದರು. ಪಾಜಕದಿಂದ ರಜತಪೀಠಪುರಕ್ಕೆ ಇಂದು ವಾಹನದಲ್ಲಿ ಅರ್ಧ ಗಂಟೆಯ ದಾರಿ. ಅಂದು ಕಾಡು, ಗದ್ದೆ, ಹೊಳೆಗಳ ನಡುವೆ ನಡೆದು ಸವೆಸಬೇಕಾದ ದಾರಿ. ಆ ದಾರಿಯಲ್ಲಿ ಹನ್ನೆರಡು ವರ್ಷ ನಡೆದ ಕಾಲುಗಳ ಫಲವೇ ಆಚಾರ್ಯರ ಅವತಾರ.

ವಿಲಂಬಿ ಸಂವತ್ಸರದ ವಿಜಯದಶಮಿಯಂದು ಮಗು ಜನಿಸಿತು. ಆ ವಿಲಂಬಿಯು ಕ್ರಿಸ್ತಶಕ 1238ನೆಯ ಇಸವಿಗೆ ಸರಿಹೊಂದುತ್ತದೆ. ಮಹಾಭಾರತ ತಾತ್ಪರ್ಯ ನಿರ್ಣಯದಲ್ಲಿ ಬರುವ ಕಲಿವರ್ಷದ ಲೆಕ್ಕವನ್ನು ಹಿಡಿದು ಕೆಲವರು ಇದಕ್ಕೂ ಮೊದಲಿನ ಇಸವಿಯನ್ನು ಹೇಳುವುದುಂಟು. ಆದರೆ ಆಚಾರ್ಯರ ಶಿಷ್ಯರಾದ ಶ್ರೀನರಹರಿತೀರ್ಥರ ಕುರಿತು ಕಳಿಂಗದೇಶದ ಶ್ರೀಕೂರ್ಮದಲ್ಲಿ ದೊರೆತ 1281ರ ಶಾಸನವನ್ನು ಆಧರಿಸಿ ವಿದ್ವಾಂಸರಲ್ಲಿ ಬಹುಮಂದಿ 1238ನ್ನೇ ಒಪ್ಪಿದ್ದಾರೆ.

ಮಗುವಿಗೆ ವಾಸುದೇವನೆಂದು ಹೆಸರಿಟ್ಟರು. ಕೂಸಿಗೆ ಹಾಲಿರಲಿ ಎಂದು ಮೂಡಿಲ್ಲಾಯರು ಕರೆಯುವ ಹಸುವೊಂದನ್ನು ತಂದು ಕೊಟ್ಟರು. ಆ ಪುಣ್ಯದಿಂದ ಅವರು ತಮ್ಮ ಮಗನ ಮಗನಾಗಿ ಮತ್ತೆ ಹುಟ್ಟಿ, ಆಚಾರ್ಯರಿಂದ ಜ್ಞಾನೋಪದೇಶವನ್ನು ಪಡೆದರೆಂದು ಕಾವ್ಯವು ಹೇಳುತ್ತದೆ. ಕಾವ್ಯದಲ್ಲಿ ಇದು ಒಂದೆರಡು ಮಾತಿನಲ್ಲಿ ಮುಗಿಯುವ ಪ್ರಸಂಗ. ಆದರೆ ಮನೆಯ ಕಡೆಯಿಂದ ನೋಡಿದವರಿಗೆ ಇದು ದೊಡ್ಡದು. ಮೂಡಣ ಮನೆಯವರಿಗೆ ನಡುವಣ ಮನೆಯ ಅವಶ್ಯಕತೆಯು ತಿಳಿದಿತ್ತು. ಕೇಳುವುದಕ್ಕೆ ಮೊದಲೇ ಹಸು ಬಂದು ಕೊಟ್ಟಿಗೆಯಲ್ಲಿ ನಿಂತಿತ್ತು.

ಹುರುಳಿ, ಎತ್ತು, ಹುಣಿಸೆಬೀಜ

ಅದು ಸಿರಿವಂತರ ಮನೆಯಾಗಿರಲಿಲ್ಲ. ಬಾಲಲೀಲೆಗಳೆಂದು ನಾವು ಕೇಳುವ ಕಥೆಗಳಲ್ಲಿಯೇ ಇದಕ್ಕೆ ಸಾಕಷ್ಟು ಸಾಕ್ಷ್ಯವಿದೆ. ಒಮ್ಮೆ ತಾಯಿಯು ಮಗುವನ್ನು ಅಕ್ಕನ ವಶಕ್ಕೆ ಒಪ್ಪಿಸಿ ಹೊರಗೆ ಹೋದರು. ಹೊತ್ತಾಯಿತು, ಮಗು ಹಸಿದು ಅಳತೊಡಗಿತು. ಎಷ್ಟು ಸಂತೈಸಿದರೂ ಅಳು ನಿಲ್ಲಲಿಲ್ಲ. ಆ ಎಳೆಯ ಹುಡುಗಿಗೆ ದಿಕ್ಕು ತೋಚದೆ, ದನಗಳಿಗಾಗಿ ಬೇಯಿಸಿಟ್ಟಿದ್ದ ಹುರುಳಿಯನ್ನು ತಮ್ಮನಿಗೆ ತಿನ್ನಿಸಿದಳು. ತಾಯಿ ಹಿಂದಿರುಗಿ ವಿಷಯ ತಿಳಿದು ಹೌಹಾರಿದರು. ಹಾಲು ಕುಡಿಯುವ ಕೂಸಿನ ಹೊಟ್ಟೆಗೆ ಎತ್ತುಗಳೇ ಅರಗಿಸಿಕೊಳ್ಳಬೇಕಾದ ಧಾನ್ಯ! ಮಗು ಮಾತ್ರ ನಗುತ್ತ ಆಡುತ್ತಿತ್ತು. ಲೋಕದ ಎಲ್ಲ ಜೀವರಲ್ಲಿದ್ದು ಅನ್ನವನ್ನು ಪಚನ ಮಾಡಿಸುವ ಪ್ರಾಣದೇವರಿಗೆ ಹುರುಳಿ ಯಾವ ಲೆಕ್ಕ ಎಂದು ನಾವು ಪ್ರವಚನದಲ್ಲಿ ಹೇಳುತ್ತೇವೆ. ಅದರೊಡನೆ ಇದನ್ನೂ ಗಮನಿಸಬೇಕು: ಅಂದು ಆ ಮನೆಯಲ್ಲಿ ಹುಡುಗಿಯ ಕೈಗೆ ಸಿಕ್ಕಿದ್ದು ಆ ಹುರುಳಿ ಒಂದೇ.

ಮತ್ತೊಂದು ದಿನ ಬೆಳಿಗ್ಗೆ ಬಾಲಕನು ಮೇಯಲು ಹೊರಟ ಎತ್ತಿನ ಬಾಲವನ್ನು ಹಿಡಿದು ಹೊರಟುಹೋದನು. ಅದು ಕಾಡಿನಲ್ಲಿ ಹೋದಲ್ಲೆಲ್ಲ ಹೋದನು. ಮನೆಯವರು ದಿನವಿಡೀ ಹುಡುಕಿ ಕಂಗೆಟ್ಟರು. ಸಾಯಂಕಾಲ ಎತ್ತು ಕೊಟ್ಟಿಗೆಗೆ ಬಂದಾಗ ಮಗುವೂ ಅದರ ಬಾಲವನ್ನು ಹಿಡಿದು ಬಂದಿತು.

ಸಾಲದ ಪ್ರಸಂಗವು ಎಲ್ಲರಿಗೂ ತಿಳಿದದ್ದು. ತಂದೆಯು ಹಣ ಕೊಡಬೇಕಾಗಿದ್ದ ಧನಿಕನೊಬ್ಬನು ಮನೆಯ ಬಾಗಿಲಿನಲ್ಲಿ ಕುಳಿತುಬಿಟ್ಟನು. ಹಣ ಕೈಸೇರುವವರೆಗೆ ಏಳುವುದಿಲ್ಲವೆಂದನು. ಬಾಗಿಲಿನಲ್ಲಿ ಸಾಲ ಕೊಟ್ಟವನು ಕುಳಿತಿರುವಾಗ ಮನೆಯವರು ಊಟಕ್ಕೆ ಏಳುವಂತಿಲ್ಲ. ಮಧ್ಯಗೇಹ ಭಟ್ಟರಿಗೆ ಮುಖವೆತ್ತಲಾಗದ ಹೊತ್ತು. ಆಗ ಬಾಲಕನು ಹುಣಿಸೆಯ ಬೀಜಗಳನ್ನು ತಂದು ಅವನ ಕೈಗೆ ಕೊಟ್ಟನು. ಅವನು ಅವನ್ನು ಸಂತೋಷದಿಂದ ಸ್ವೀಕರಿಸಿ ಎದ್ದು ಹೋದನು. ಮುಂದೆ ಕೈಯಲ್ಲಿ ಹಣವಾದಾಗ ಭಟ್ಟರು ಸಾಲವನ್ನು ತೀರಿಸಲು ಹೋದರು. ಅವನು ತೆಗೆದುಕೊಳ್ಳಲಿಲ್ಲ, ಬರಬೇಕಾದುದೆಲ್ಲವೂ ತಮ್ಮ ಮಗನಿಂದ ಬಂದು ಸಂದಿದೆಯೆಂದು ಹೇಳಿದನು. ಈ ಕಥೆಯಲ್ಲಿ ನಾವು ಬಾಲಕನ ಮಹಿಮೆಯನ್ನು ಕೊಂಡಾಡುತ್ತೇವೆ. ಸಾಲ ತೀರಿತೆಂದು ಅವನು ಎದ್ದು ಹೋದ ಮೇಲೆಯೂ ಹಣವನ್ನು ಕೂಡಿಸಿ ಕೊಂಡೊಯ್ದ ತಂದೆಯ ಪ್ರಾಮಾಣಿಕತೆಯನ್ನೂ ಅಷ್ಟೇ ಕೊಂಡಾಡಬೇಕು. ಆ ಮನೆಯಲ್ಲಿ ಬಡತನವಿತ್ತು, ಋಣವನ್ನು ಮರೆಯುವ ಸ್ವಭಾವವಿರಲಿಲ್ಲ.

ತಾಯಿಯ ಕಲ್ಲುಗಳು

ಪಾಜಕಕ್ಕೆ ಹೋದವರಿಗೆ ಅಲ್ಲಿಯ ಅರ್ಚಕರು ಎರಡು ದೊಡ್ಡ ಕಲ್ಲುಗಳನ್ನು ತೋರಿಸುತ್ತಾರೆ. ಹಾಲು ಮೊಸರಿನ ಪಾತ್ರೆಗಳನ್ನು ನೋಡಿಕೊಂಡಿರೆಂದು ತಾಯಿಯು ಮಗನಿಗೆ ಹೇಳಿ ಹೋಗಿದ್ದರಂತೆ. ಆಟದ ಮೇಲೆ ಮನಸ್ಸಿದ್ದ ಬಾಲಕನು ಹಲವರು ಸೇರಿ ಎತ್ತಬೇಕಾದ ಎರಡು ಬಂಡೆಗಳನ್ನು ತಂದು ಪಾತ್ರೆಗಳ ಮೇಲೆ ಮುಚ್ಚಿಟ್ಟು ಆಡಲು ಹೋದನಂತೆ. ಬೆಟ್ಟದ ಬುಡದಲ್ಲಿ ಪುಟ್ಟ ಪಾದಗಳ ಗುರುತಿರುವ ಶಿಲೆಯನ್ನೂ ತೋರಿಸುತ್ತಾರೆ. ದುರ್ಗಾಬೆಟ್ಟದ ಮೇಲೆ ಆಡುತ್ತಿದ್ದ ಮಗನನ್ನು ತಾಯಿಯು ಮನೆಯಿಂದ ಕೂಗಿ ಕರೆದಾಗ, ತಡಮಾಡದೆ ಅಲ್ಲಿಂದಲೇ ನೆಗೆದು ಬಂದ ಹೆಜ್ಜೆಗಳವು ಎಂದು ಸ್ಥಳಪರಂಪರೆ. ಮನೆಯ ಬಳಿಯಲ್ಲಿರುವುದು ವಾಸುದೇವ ತೀರ್ಥ. ಪರಶುರಾಮ ದೇವರ ನಾಲ್ಕು ತೀರ್ಥಗಳಿಗೂ ನಡೆದು ಹೋಗಿ ಸ್ನಾನ ಮಾಡುವುದು ತಾಯಿಗೆ ಶ್ರಮವಾಗುತ್ತದೆಂದು, ಆ ನಾಲ್ಕರ ಸನ್ನಿಧಾನವೂ ಮನೆಯ ಬಾಗಿಲಿನಲ್ಲಿಯೇ ದೊರಕುವಂತೆ ಬಾಲಕನು ಇದನ್ನು ನಿರ್ಮಿಸಿದನೆಂದು ಹೇಳುತ್ತಾರೆ.

ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಗುರುಗಳೊಡನೆ ಮೊದಲ ಬಾರಿ ಪಾಜಕಕ್ಕೆ ಹೋಗಿದ್ದೆವು. ಆಗ ಬಂಡೆಗಳ ತೂಕವೇ ನಮಗೆ ವಿಸ್ಮಯವಾಗಿತ್ತು. ಕೆಲವು ವರ್ಷಗಳ ಹಿಂದೆ ನಮ್ಮ ತಂದೆತಾಯಿಗಳನ್ನು ಕರೆದುಕೊಂಡು ಮತ್ತೆ ಹೋದಾಗ ಬೇರೊಂದು ಸಂಗತಿಯು ಮನಸ್ಸಿಗೆ ಹೊಳೆಯಿತು. ಆಚಾರ್ಯರು ಜಯಿಸಿದ ವಾದಿಗಳ ಕುರುಹು ಈ ಅಂಗಳದಲ್ಲಿ ಒಂದೂ ಇಲ್ಲ. ಇರುವುದು ಹಾಲುಮೊಸರಿನ ಪಾತ್ರೆಯ ಮುಚ್ಚಳ, ಕರೆದಾಗ ಓಡಿಬಂದ ಹೆಜ್ಜೆ, ತಾಯಿಯ ಸ್ನಾನದ ನೀರು. ಈ ಕ್ಷೇತ್ರದಲ್ಲಿ ಜಗದ್ಗುರುಗಳು ಇನ್ನೂ ಒಬ್ಬ ತಾಯಿಯ ಮಗನಾಗಿಯೇ ಇದ್ದಾರೆ. ನಮ್ಮ ತಾಯಿಯು ವಾಸುದೇವ ತೀರ್ಥದ ಮೆಟ್ಟಿಲಿನಲ್ಲಿ ಬಹಳ ಹೊತ್ತು ಕುಳಿತಿದ್ದರು. ಏಳಲು ಮನಸ್ಸು ಮಾಡಲಿಲ್ಲ.

ತಂದೆಯ ಪುರಾಣ

ಮಗನಿಗೆ ಅಕ್ಷರಾಭ್ಯಾಸವನ್ನು ಮಾಡಿಸಿದವರು ತಂದೆಯೇ. ಮೊದಲ ದಿನ ಬರೆಸಿದ ಅಕ್ಷರಗಳನ್ನೇ ಮರುದಿನವೂ ಬರೆಸಹೊರಟಾಗ, ನಿನ್ನೆ ಕಲಿತುದನ್ನು ಇಂದು ಮತ್ತೇಕೆ ಬರೆಯಬೇಕೆಂದು ಬಾಲಕನು ಕೇಳಿದನು. ತಂದೆಗೆ ಹರ್ಷವೂ ಆಯಿತು, ಮಗುವಿಗೆ ದೃಷ್ಟಿ ತಾಕೀತೆಂಬ ಭಯವೂ ಆಯಿತು. ಅಲ್ಲಿಂದ ಮುಂದೆ ಏಕಾಂತದಲ್ಲಿ ಪಾಠ ಹೇಳಿದರು. ಗಂಡುಮಕ್ಕಳನ್ನು ಕಳೆದುಕೊಂಡಿದ್ದ ತಂದೆಯ ಆ ಭಯವನ್ನು ಲಘುವಾಗಿ ಕಾಣಬಾರದು.

ಒಂದು ದಿನ ಮಧ್ಯಗೇಹ ಭಟ್ಟರು ಸಭೆಯಲ್ಲಿ ಪುರಾಣವನ್ನು ಹೇಳುತ್ತಿದ್ದರು. ಹಲವು ಮರಗಳ ಹೆಸರುಗಳು ಬರುವ ಪ್ರಸಂಗ. ಒಂದೊಂದರ ಅರ್ಥವನ್ನೂ ಹೇಳುತ್ತ ಬಂದ ಭಟ್ಟರು ಲಿಕುಚವೆಂಬ ಒಂದು ಹೆಸರಿನ ಅರ್ಥವನ್ನು ಬಿಟ್ಟು ಮುಂದೆ ಸಾಗಿದರು. ಅದು ಹಲಸಿನ ಜಾತಿಗೆ ಸೇರಿದ ಒಂದು ಮರ. ಸಭೆಯಲ್ಲಿ ಕುಳಿತಿದ್ದ ಬಾಲಕನು ಆ ಲೋಪವನ್ನು ಎತ್ತಿ ತೋರಿಸಿದನು, ಅರ್ಥವನ್ನೂ ತಾನೇ ಹೇಳಿದನು. ಮಗನ ಮುಂದೆ ಸೋಲುವುದು ತಂದೆಗೆ ಅತ್ಯಂತ ಇಷ್ಟವಾದ ಸೋಲೆಂದು ಹಿರಿಯರು ಹೇಳುವುದುಂಟು. ಆದರೆ ಆ ಸೋಲಿನಲ್ಲಿ ಒಂದು ಸೂಚನೆಯೂ ಇತ್ತು. ಈ ಮನೆಯ ವಿದ್ಯೆಯು ಈ ಮಗನಿಗೆ ಸಾಲದು ಎಂಬುದು ಅಂದೇ ತಂದೆಗೆ ತಿಳಿದಿರಬೇಕು.

ಇನ್ನೊಂದು ಸೂಚನೆಯು ಅದಕ್ಕೂ ಮೊದಲೇ ಬಂದಿತ್ತು. ಬಂಧುಗಳ ಮನೆಯ ಉತ್ಸವಕ್ಕೆ ತಂದೆತಾಯಿಗಳು ಮಗನನ್ನು ಕರೆದುಕೊಂಡು ಹೋಗಿದ್ದರು. ಜನರ ಗದ್ದಲದಲ್ಲಿ ಬಾಲಕನು ಯಾರಿಗೂ ಹೇಳದೆ ಹೊರಟು, ದಾರಿಯ ದೇವಾಲಯಗಳಲ್ಲಿ ನಮಸ್ಕರಿಸುತ್ತ ಉಡುಪಿಯ ಅನಂತೇಶ್ವರನ ಸನ್ನಿಧಿಯನ್ನು ಸೇರಿದನು. ತಂದೆಯು ದಾರಿಯಲ್ಲಿ ಸಿಕ್ಕಸಿಕ್ಕವರನ್ನು ವಿಚಾರಿಸುತ್ತ, ಅಳುತ್ತ ಬಂದು ಮಗನನ್ನು ಕಂಡರು. ಒಬ್ಬನೇ ಹೇಗೆ ಬಂದೆಯೆಂಬ ಪ್ರಶ್ನೆಗೆ, ದಾರಿಯುದ್ದಕ್ಕೂ ನಾರಾಯಣನು ಜೊತೆಗಿದ್ದನೆಂದು ಬಾಲಕನು ಉತ್ತರವಿತ್ತನು. ಹನ್ನೆರಡು ವರ್ಷ ನಡೆದು ತಾವು ಯಾರಿಂದ ಮಗನನ್ನು ಪಡೆದರೋ, ಮಗನು ಅವನ ಬಳಿಗೆ ತಾನೇ ನಡೆದುಹೋಗಿದ್ದನು.

ಉಪನಯನವಾಯಿತು. ಪೂಗವನ ಮನೆತನದ ಗುರುಗಳಲ್ಲಿ ವಿದ್ಯಾಭ್ಯಾಸವೂ ಆಯಿತು. ಓಟ, ನೆಗೆತ, ಮಲ್ಲಯುದ್ಧಗಳಲ್ಲಿ ಸಹಪಾಠಿಗಳಾರೂ ಎದುರಿಲ್ಲ. ಗುರುಗಳು ಹೇಳಿದುದನ್ನು ಎರಡನೆಯ ಬಾರಿ ಕೇಳಬೇಕಾದ ಅಗತ್ಯವೂ ಇಲ್ಲ. ವಿದ್ಯೆ ಮುಗಿಸಿ ಬಂದ ಮಗನ ಮನಸ್ಸು ಮನೆಯಲ್ಲಿ ನಿಲ್ಲಲಿಲ್ಲ.

ಅನುಮತಿ

ಇಲ್ಲಿಂದ ಮುಂದಿನ ಭಾಗವೇ ಆ ಮನೆಯ ಚರಿತ್ರೆಯಲ್ಲಿ ಅತ್ಯಂತ ಕಠಿನವಾದುದು. ವಾಸುದೇವನು ಉಡುಪಿಗೆ ಹೋಗಿ ಅಚ್ಯುತಪ್ರೇಕ್ಷರನ್ನು ಆಶ್ರಯಿಸಿ ಸಂನ್ಯಾಸವನ್ನು ಬೇಡಿದನು. ಸುದ್ದಿ ಪಾಜಕವನ್ನು ಮುಟ್ಟಿತು. ತಂದೆತಾಯಿಗಳು ಧಾವಿಸಿ ಬಂದರು. ವೃದ್ಧರಾಗುತ್ತಿರುವ ತಮಗೆ ಬೇರೆ ಆಸರೆಯಿಲ್ಲವೆಂದು ಬೇಡಿದರು. ತಂದೆಯು ದುಃಖದ ಭರದಲ್ಲಿ ಮಗನಿಗೆ ಕೈಮುಗಿದು ನಮಸ್ಕರಿಸಿಯೇಬಿಟ್ಟರು. ಹಿರಿಯರು ಕಿರಿಯರಿಗೆ ನಮಸ್ಕರಿಸುವುದು ಕಿರಿಯನು ಯತಿಯಾಗಿದ್ದರೆ ಮಾತ್ರ. ಆದುದರಿಂದ ದೈವವೇ ತಮ್ಮಿಂದ ಈ ಶುಭಸೂಚನೆಯನ್ನು ಮಾಡಿಸಿದೆಯೆಂದು ಮಗನು ಹೇಳಿದನು. ತಂದೆಯು ಬರಿಗೈಯಲ್ಲಿ ಹಿಂದಿರುಗಿದರು.

ಗುರುಗಳೊಡನೆ ಮಗನು ಬೇರೊಂದು ಮಠಕ್ಕೆ ತೆರಳಿದಾಗಲೂ ತಂದೆಯು ಹುಡುಕಿಕೊಂಡು ಹೋದರು. ಮಗನು ಕೌಪೀನವನ್ನುಟ್ಟರೆ ತಾವು ಪ್ರಾಣವನ್ನು ಬಿಡುವುದಾಗಿ ಹೇಳಿದರು. ಮಗನು ಉಟ್ಟ ಬಟ್ಟೆಯನ್ನು ಆಗಲೇ ಹರಿದು ಕೌಪೀನವನ್ನು ಧರಿಸಿ ನಿಂತನು. ಪಾಜಕದ ಅಂಗಳದಲ್ಲಿ ಅಕ್ಷರ ಕಲಿಸಿದ ತಂದೆ ಒಂದು ಕಡೆ, ಕಲಿತ ಮಗ ಒಂದು ಕಡೆ. ತಂದೆಯ ಮಾತಿನಲ್ಲಿ ಅಧರ್ಮವಿರಲಿಲ್ಲ. ವೃದ್ಧ ಮಾತಾಪಿತೃಗಳನ್ನು ಪೋಷಿಸುವುದು ಪುತ್ರನ ಕರ್ತವ್ಯವೆಂದು ಶಾಸ್ತ್ರವೇ ಹೇಳುತ್ತದೆ. ಮಗನು ಕೂಡ ಆ ಕರ್ತವ್ಯವನ್ನು ಅಲ್ಲಗಳೆಯಲಿಲ್ಲ. ಅವರನ್ನು ನೋಡಿಕೊಳ್ಳಲು ಇನ್ನೊಬ್ಬ ಮಗನು ಹುಟ್ಟುವನೆಂದೂ, ಅಲ್ಲಿಯವರೆಗೆ ತಾನು ಆಶ್ರಮವನ್ನು ಸ್ವೀಕರಿಸುವುದಿಲ್ಲವೆಂದೂ ಮಾತು ಕೊಟ್ಟನು.

ಮಾತಿನಂತೆ ಪಾಜಕದ ಮನೆಯಲ್ಲಿ ಮತ್ತೊಂದು ಗಂಡುಮಗು ಹುಟ್ಟಿತು. ವಾಸುದೇವನು ಮನೆಗೆ ಬಂದು ತಮ್ಮನನ್ನು ಕಂಡನು. ಇನ್ನು ಉಳಿದುದು ತಾಯಿಯ ಅನುಮತಿ. ಒಪ್ಪಿದರೆ ಯತಿಯಾಗಿ ಆಗಾಗ ಕಣ್ಣಿಗೆ ಬೀಳುವೆನು, ಒಪ್ಪದಿದ್ದರೆ ಎಂದೂ ಕಾಣಸಿಗದಂತೆ ದೂರ ಹೋಗುವೆನು ಎಂದು ಮಗನು ತಾಯಿಗೆ ತಿಳಿಸಿದನು. ತಾಯಿಯು ಒಪ್ಪಿದರು. ಬೆಟ್ಟದ ಮೇಲಿಂದ ಕರೆದಾಗ ಓಡಿಬರುತ್ತಿದ್ದ ಮಗನನ್ನು ಇನ್ನು ಮೇಲೆ ಕರೆಯುವ ಹಕ್ಕನ್ನು ಆ ತಾಯಿ ಅಂದು ಬಿಟ್ಟುಕೊಟ್ಟರು.

ಇಲ್ಲಿ ಜಿಜ್ಞಾಸುಗಳು ಒಂದು ಪ್ರಶ್ನೆಯನ್ನು ಕೇಳುವುದುಂಟು. ಲೋಕೋದ್ಧಾರಕ್ಕಾಗಿಯೇ ಅವತರಿಸಿದ ವಾಯುದೇವರಿಗೆ ಮನುಷ್ಯಮಾತ್ರದವರ ಅನುಮತಿಯು ಏಕೆ ಬೇಕಾಗಿತ್ತು? ಬೇಕಾಗಿರಲಿಲ್ಲವೆಂದರೂ ಕೇಳಿದರು ಎಂಬುದೇ ಇದಕ್ಕೆ ಸಮಾಧಾನ. ದೊಡ್ಡ ಕಾರ್ಯಕ್ಕಾಗಿ ಹೋಗುವವನು ಸಣ್ಣ ಕರ್ತವ್ಯಗಳನ್ನು ತುಳಿದು ಹೋಗಬೇಕಾಗಿಲ್ಲವೆಂದು ಆಚಾರ್ಯರು ತಮ್ಮ ಮನೆಯ ಬಾಗಿಲಿನಲ್ಲಿಯೇ ತೋರಿಸಿಕೊಟ್ಟರು. ಒಂದು ದೀಪವನ್ನು ಹಚ್ಚಿಟ್ಟು ಹೊರಟರೇ ಹೊರತು ಮನೆಯನ್ನು ಕತ್ತಲೆಯಲ್ಲಿ ಬಿಟ್ಟು ಹೊರಡಲಿಲ್ಲ. ಅವರಿಗಾಗಿ ವರ್ಷಗಳು ಕಾದವು.

ನಾವು ಅರ್ಚಕರ ಮನೆಯಲ್ಲಿ ಹುಟ್ಟಿದವರು. ಪಾಠಶಾಲೆಯ ಅಭ್ಯಾಸವನ್ನು ಮುಗಿಸಿ, ಬಿ.ಎ. ಪದವಿಗಾಗಿ ಪಟ್ಟಣಕ್ಕೆ ಹೊರಟಾಗ ನಮ್ಮ ತಂದೆಯವರು ಬೇಡವೆನ್ನಲಿಲ್ಲ. ದೇವರ ಕೋಣೆಯ ದೀಪಕ್ಕೆ ಎಣ್ಣೆ ಹಾಕಿ ಬಂದು ಹೋಗೆಂದಷ್ಟೇ ಹೇಳಿದರು. ಆ ಮಾತಿನ ಭಾರವು ನಮಗೆ ಆಗ ತಿಳಿಯಲಿಲ್ಲ. ಈಗ ಅವರಿಗೆ ಕಣ್ಣು ಮಂದವಾಗಿದೆ. ಸಾಲಿಗ್ರಾಮದ ಪೆಟ್ಟಿಗೆಯನ್ನು ತೆರೆಯುವಾಗ ಕೈ ನಡುಗುತ್ತದೆ. ನಮ್ಮಂತೆಯೇ ಹಳ್ಳಿಯ ಮನೆಯನ್ನು ಬಿಟ್ಟು ಬಂದವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಹೋದುದು ತಪ್ಪೆಂದು ಹೇಳುವ ಅಧಿಕಾರ ನಮಗಿಲ್ಲ. ಕೇಳಿ ಹೋದೆವೇ, ಹಿಂದೆ ಏನನ್ನು ಇಟ್ಟು ಹೋದೆವು ಎಂಬ ಪ್ರಶ್ನೆಯನ್ನು ಮಾತ್ರ ಪಾಜಕದ ಹೊಸ್ತಿಲು ನಮ್ಮನ್ನು ಕೇಳುತ್ತದೆ.

ಮನೆಯಿಂದ ಮಠಕ್ಕೆ

ಅನುಮತಿ ಪಡೆದ ವಾಸುದೇವನು ಅಚ್ಯುತಪ್ರೇಕ್ಷರಿಂದ ಸಂನ್ಯಾಸವನ್ನು ಸ್ವೀಕರಿಸಿ ಪೂರ್ಣಪ್ರಜ್ಞರಾದರು. ವೇದಾಂತ ಸಾಮ್ರಾಜ್ಯದ ಪಟ್ಟಾಭಿಷೇಕವಾದಾಗ ಆನಂದತೀರ್ಥರಾದರು. ದಕ್ಷಿಣದ ಕ್ಷೇತ್ರಗಳಲ್ಲಿ ಸಂಚರಿಸಿದರು, ಎರಡು ಬಾರಿ ಬದರಿಗೆ ಹೋಗಿ ಶ್ರೀವೇದವ್ಯಾಸರ ದರ್ಶನ ಪಡೆದರು. ಸೂತ್ರಭಾಷ್ಯ, ಗೀತಾಭಾಷ್ಯ, ತಾತ್ಪರ್ಯ ನಿರ್ಣಯಗಳೇ ಮೊದಲಾದ 37 ಗ್ರಂಥಗಳನ್ನು ರಚಿಸಿದರು, ಅವೇ ಸರ್ವಮೂಲ. ಶೋಭನಭಟ್ಟರು ಶಿಷ್ಯರಾಗಿ ಪದ್ಮನಾಭತೀರ್ಥರಾದರು. ತ್ರಿವಿಕ್ರಮ ಪಂಡಿತಾಚಾರ್ಯರು ಹಲವು ದಿನ ವಾದ ಮಾಡಿ ಕೊನೆಗೆ ಶಿಷ್ಯರಾದರು. ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿ ಅವನ ಪೂಜೆಯನ್ನು ಎಂಟು ಮಂದಿ ಬಾಲಯತಿಗಳಿಗೆ ಒಪ್ಪಿಸಿದರು. ಇವೆಲ್ಲವೂ ನಮ್ಮ ಓದುಗರಿಗೆ ಸುವಿದಿತ.

ಇತ್ತ ಪಾಜಕದಲ್ಲಿ ತಮ್ಮನು ಬೆಳೆದನು. ಅಣ್ಣನು ಹೇಳಿದ್ದಂತೆ ತಂದೆತಾಯಿಗಳ ಸೇವೆಯನ್ನು ಮಾಡಿದನು. ಕಾಲಕ್ರಮದಲ್ಲಿ ಅವರಿಬ್ಬರೂ ಪರಲೋಕವನ್ನು ಸೇರಿದರು. ಮನೆಯಲ್ಲಿದ್ದ ದನಕರು, ಧಾನ್ಯ, ದ್ರವ್ಯಗಳೂ ನಷ್ಟವಾದುವು. ಯಾವ ಕೊಟ್ಟಿಗೆಗೆ ಮೂಡಿಲ್ಲಾಯರ ಹಸು ಬಂದಿತ್ತೋ ಆ ಕೊಟ್ಟಿಗೆಯು ಬರಿದಾಯಿತು. ವಿರಕ್ತನಾದ ತಮ್ಮನು ಅಣ್ಣನ ಬಳಿಗೆ ಬಂದು ತನಗೂ ಸಂನ್ಯಾಸವನ್ನು ಕೊಡಬೇಕೆಂದು ಬೇಡಿದನು. ಆಚಾರ್ಯರು ಅವನನ್ನು ಸಂತೈಸಿ, ಕಾಲವನ್ನು ನಿರೀಕ್ಷಿಸಿ, ಯೋಗ್ಯ ಸಮಯದಲ್ಲಿ ಆಶ್ರಮವನ್ನು ಅನುಗ್ರಹಿಸಿದರು. ಅವರೇ ಶ್ರೀವಿಷ್ಣುತೀರ್ಥರು. ಐದು ದಿನಗಳಿಗೊಮ್ಮೆ ಪಂಚಗವ್ಯವನ್ನು ಮಾತ್ರ ಸ್ವೀಕರಿಸುವಂಥ ಉಗ್ರ ನಿಯಮಗಳನ್ನು ಹಿಡಿದು ಅವರು ತಪಸ್ಸು ಮಾಡಿದುದನ್ನೂ, ಕುಮಾರಪರ್ವತವನ್ನು ಆಶ್ರಯಿಸಿದುದನ್ನೂ ಸುಮಧ್ವವಿಜಯದ ಹದಿನೈದನೆಯ ಸರ್ಗವು ವರ್ಣಿಸುತ್ತದೆ.

ಹೀಗೆ ಆ ಮನೆಯು ತನ್ನ ಇಬ್ಬರು ಗಂಡುಮಕ್ಕಳನ್ನೂ ಕೊಟ್ಟುಬಿಟ್ಟಿತು. ಗಂಡುಸಂತಾನವಿಲ್ಲವೆಂದು ಹನ್ನೆರಡು ವರ್ಷ ವ್ರತ ಹಿಡಿದ ದಂಪತಿಗಳ ಮನೆ ಅದು. ಲೌಕಿಕವಾಗಿ ನೋಡಿದರೆ ನಡುವಣ ಮನೆಯ ಒಲೆಯು ಅಂದು ಆರಿತು. ಆದರೆ ಹಿರಿಯ ಮಗನಿಂದ ಉಡುಪಿಯ ಅಷ್ಟಮಠಗಳೂ, ಪದ್ಮನಾಭತೀರ್ಥಾದಿಗಳ ಮೂಲಕ ಘಟ್ಟದ ಮೇಲಿನ ಮಠಗಳೂ ಹೊರಟವು. ಕಿರಿಯ ಮಗನಾದ ವಿಷ್ಣುತೀರ್ಥರಿಂದ ಸೋದೆ ಮಠದ ಪರಂಪರೆಯೂ ಸುಬ್ರಹ್ಮಣ್ಯ ಮಠದ ಪರಂಪರೆಯೂ ಬೆಳೆದವು. ಪಿಂಡೋದಕದ ಸಂತತಿ ನಿಂತಲ್ಲಿ ಜ್ಞಾನದ ಸಂತತಿ ಮೊದಲಾಯಿತು. 1317ರಲ್ಲಿ ಆರಂಭವಾದ ಪಿಂಗಳ ಸಂವತ್ಸರದ ಮಾಘ ಶುದ್ಧ ನವಮಿಯಂದು ಆಚಾರ್ಯರು ಉಡುಪಿಯ ಅನಂತೇಶ್ವರನ ಸನ್ನಿಧಿಯಲ್ಲಿ ಅದೃಶ್ಯರಾಗಿ ಬದರಿಗೆ ತೆರಳಿದರೆಂದು ಸಂಪ್ರದಾಯವು ನಂಬುತ್ತದೆ. ತಂದೆತಾಯಿಗಳು ಅವರನ್ನು ಬೇಡಿ ಪಡೆದುದೂ ಅದೇ ಸನ್ನಿಧಿಯಲ್ಲಿ.

ಮರಳಿ ಬಂದವರು

ಮನೆಯ ಚರಿತ್ರೆ ಅಲ್ಲಿಗೆ ಮುಗಿಯಲಿಲ್ಲ. ಶತಮಾನಗಳು ಕಳೆದವು. ವಿಷ್ಣುತೀರ್ಥರ ಪರಂಪರೆಯಲ್ಲಿ ಶ್ರೀವಾದಿರಾಜ ಶ್ರೀಪಾದರು ಬಂದರು. ಆಚಾರ್ಯರ ಜನ್ಮಸ್ಥಾನದಲ್ಲಿ ಆಚಾರ್ಯರ ಪ್ರತಿಮೆಯನ್ನು ಪ್ರತಿಷ್ಠಾಪಿಸಿದವರು ಅವರೇ ಎಂದು ಪರಂಪರೆಯು ಹೇಳುತ್ತದೆ. ಇದರ ಔಚಿತ್ಯವನ್ನು ಓದುಗರು ಗಮನಿಸಬೇಕು. ತಂದೆತಾಯಿಗಳನ್ನು ನೋಡಿಕೊಳ್ಳಲೆಂದು ಮನೆಯಲ್ಲಿ ಉಳಿದವನು ತಮ್ಮ. ಮನೆಯನ್ನು ಬಿಟ್ಟು ಹೋದವರು ಅಣ್ಣ. ತಮ್ಮನ ಪೀಠದಲ್ಲಿ ಕುಳಿತ ಯತಿಗಳು ಬಂದು ಅಣ್ಣನನ್ನು ಮತ್ತೆ ಮನೆಯೊಳಗೆ ಕೂರಿಸಿದರು. ತಾಯಿಗೆ ಕೊಟ್ಟ ಮಾತಿನಂತೆ ಹಿರಿಯ ಮಗನು ಈಗ ಆ ಮನೆಯಲ್ಲಿ ಎಂದೆಂದಿಗೂ ಕಣ್ಣಿಗೆ ಕಾಣುವಂತೆ ಇದ್ದಾರೆ.

ಈಗ ಪಾಜಕದ ಸನ್ನಿಧಾನವು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಕಾಣಿಯೂರು ಮಠದ ಆಡಳಿತದಲ್ಲಿದೆ. ನಿತ್ಯಪೂಜೆ ನಡೆಯುತ್ತದೆ, ವಿಜಯದಶಮಿ, ಮಧ್ವನವಮಿಗಳಂದು ಭಕ್ತರು ಸೇರುತ್ತಾರೆ. ಮಕ್ಕಳಿಗೆ ಅಕ್ಷರಾಭ್ಯಾಸವನ್ನು ಮಾಡಿಸಲು ತಂದೆತಾಯಿಗಳು ಅಲ್ಲಿಗೆ ಕರೆತರುವುದುಂಟು. ಮೊದಲ ದಿನದ ಅಕ್ಷರಗಳನ್ನು ಎರಡನೆಯ ದಿನ ಬರೆಯಲೊಪ್ಪದ ಬಾಲಕನಿದ್ದ ಅಂಗಳದಲ್ಲಿ, ಹತ್ತು ಬಾರಿ ಬರೆಸಿದರೂ ಮರೆಯುವ ನಮ್ಮ ಮಕ್ಕಳು ಕುಳಿತು ಅಕ್ಕಿಯ ಮೇಲೆ ಬೆರಳಾಡಿಸುತ್ತಾರೆ.

ಉಡುಪಿಗೆ ಯಾತ್ರೆ ಹೋಗುವ ನಮ್ಮ ಓದುಗರಲ್ಲಿ ಒಂದು ವಿಜ್ಞಾಪನೆ. ಶ್ರೀಕೃಷ್ಣನ ದರ್ಶನವಾದ ಮೇಲೆ ಅರ್ಧ ದಿನವನ್ನು ಪಾಜಕಕ್ಕಾಗಿ ಮೀಸಲಿಡಿರಿ. ಬೆಟ್ಟವನ್ನು ಹತ್ತಿ ದುರ್ಗಾದೇವಿಗೆ ಕೈಮುಗಿದು, ಇಳಿದು ಬಂದು ವಾಸುದೇವ ತೀರ್ಥದಲ್ಲಿ ಕಾಲು ತೊಳೆದು, ಆಚಾರ್ಯರ ಸನ್ನಿಧಿಯಲ್ಲಿ ನಮಸ್ಕರಿಸುವಾಗ ಆ ಮನೆಯ ಮೊದಲ ಒಡೆಯರನ್ನೂ ನೆನೆಯಿರಿ. ಸಾಲವನ್ನು ಮರೆಯದ ಮಧ್ಯಗೇಹ ಭಟ್ಟರನ್ನು ನೆನೆಯಿರಿ. ಕಣ್ಣೊರಸಿಕೊಂಡು ಹೂಂ ಎಂದ ತಾಯಿಯನ್ನು ನೆನೆಯಿರಿ. ಹುರುಳಿಯನ್ನು ತಿನ್ನಿಸಿದ ಅಕ್ಕನನ್ನೂ ಹಸುವನ್ನು ಕೊಟ್ಟ ಮೂಡಣ ಮನೆಯವರನ್ನೂ ನೆನೆಯಿರಿ. ಹಿಂದಿರುಗುವಾಗ ಸಾಧ್ಯವಾದರೆ ನಿಮ್ಮ ನಿಮ್ಮ ಹಳೆಯ ಮನೆಯ ಕಡೆಗೂ ಹೋಗಿ ಬನ್ನಿರಿ. ಅಲ್ಲಿ ಯಾರಾದರೂ ದೀಪವನ್ನು ಹಚ್ಚುತ್ತಿದ್ದರೆ ಅವರ ಬಳಿ ಕ್ಷಣಕಾಲ ಕುಳಿತುಕೊಳ್ಳಿರಿ. ಬಾಗಿಲಿಗೆ ಬೀಗ ಬಿದ್ದಿದ್ದರೆ, ಅಂದು ಒಂದು ದಿನವಾದರೂ ತೆರೆದು ದೀಪವನ್ನು ಹಚ್ಚಿರಿ. ನಾವೂ ಈ ವಿಜಯದಶಮಿಗೆ ನಮ್ಮ ಊರಿಗೆ ಹೋಗುವವರಿದ್ದೇವೆ. ಅಂದಿನ ಪೂಜೆಯನ್ನು ತಂದೆಯವರು ಕುಳಿತು ಹೇಳಿಕೊಡುವಂತೆಯೂ ನಾವು ಮಾಡುವಂತೆಯೂ ನಿಶ್ಚಯವಾಗಿದೆ.

ಶ್ರೀಮಧ್ವೇಶಾರ್ಪಣಮಸ್ತು.